ಗದ್ದಲ

ಮೈಂದರ್ಗ್ಯಾಗ ಕರೆಂಟು ಹೋತಂದ್ರ
ನಮ್ಮ ಓಣಿಯ ಹದಿನಾಲ್ಕೂ ಮಗ್ಗ ಒಮ್ಮಿಗೇ ಬಾಯಿ ಮುಚ್ಚತಾವ.
ಆಗ ಕೇಳಸ್ತದ ನೋಡ್ರಿ:
ಹಿತ್ತಲದಾಗ ಕೋಳಿ ಮಣ್ಣು ಕೆದರೂದು,
ಚಿಗವ್ವ ಶೇಂಗಾ ಸುಲಿಯೂದು,
ನನ್ನ ಕಿವಿಯೊಳಗ ನನ್ನದೇ ರಕ್ತ ಹರಿಯೂದು.
ನನ್ನ ಕೆಲಸಕ್ಕ ಇಂಥಾ ಮೌನ ಬೇಕು.
ಆದ್ರ ಕರೆಂಟಿನ ಕೂಡ ನೆಟ್ಟೂ ಹೋಗಿರ್ತದ.

ಮಂದಿ ಮಾತಾಡಿದ್ದು ಕೇಳಿ ಬರಿಯೂದು, ಅದು ಕೆಲಸ.
ಯಾರೋ ಯಾವುದೋ ಊರಾಗ ಫೋನಿಗೆ ಬಾಯಿ ಹಚ್ಚಿ
ಗ್ಯಾಸು ತುಟ್ಟಿ ಆದದ್ದು, ಮಗಳು ಗಣಿತದಾಗ ನಪಾಸಾದದ್ದು ಹೇಳಿರ್ತಾರ.
ನಿಮಿಷಕ್ಕ ಎರಡೂವರಿ ರೂಪಾಯಿ.
"ಕಣ್ಣು ಬೇಕಾಗಿಲ್ಲವಾ, ಕಿವಿ ಇದ್ರ ಸಾಕು"
ಅಂದಿದ್ದರು ಸೋಲಾಪುರದ ಶಿಬಿರದ ಬಾಯಿ.

ಆದ್ರ ಬಾಗಿಲದಾಗೊಬ್ಬ ಕಾವಲುಗಾರ ಕುಂತಾನ.
ನೀ ಯಂತ್ರ ಅಲ್ಲ ಅಂತ ತೋರಸು, ಅಂತಾನ.
ಒಂಬತ್ತು ಚಿತ್ರ ಇಟ್ಟಾನಂತ,
ಸಿಗ್ನಲ್ ದೀಪ ಇದ್ದದ್ದು ಒತ್ತಬೇಕಂತ.
ನನ್ನ ಫೋನು ಓದತದ: ಚಿತ್ರ. ಚಿತ್ರ. ಚಿತ್ರ.
ಹೆಸರಿಲ್ಲದ ಬಟನ್ನು. ಹೆಸರಿಲ್ಲದ ಬಟನ್ನು.
ನಾಮಕರಣ ಮಾಡದs ತೊಟ್ಟಿಲದಾಗ ಬಿಟ್ಟ ಕೂಸುಗಳ ಹಂಗ.

ಬಾಜೂ ಮನಿ ಅಶ್ಪಾಕನ್ನ ಕರೀತೀನಿ. ಮೂರನೇತ್ತ.
ಊರು ಬಿಟ್ಟು ಹೋದಾಂವಲ್ಲ.
"ಇಂದಕ್ಕಾ, ಸಿಗ್ನಲ್ ಅಂದ್ರ ಹೆಂಗಿರ್ತದ?"
ನಾ ಹೇಳಬೇಕು, ಅಂವ ನೋಡಬೇಕು.
"ಒಂದು ಕಂಬ. ಕಂಬಕ್ಕ ಮೂರು ಕಣ್ಣು.
ಯಾವಾಗೂ ಒಂದs ತೆರದಿರ್ತದ."
ನನಗೂ ಯಾರೋ ಹೇಳಿದ್ದೇ ಅದು.
ಅಂವ ಒತ್ತತಾನ.
ನಾವಿಬ್ಬರೂ ಕೂಡಿ ಒಬ್ಬ ಮನಶ್ಯಾ ಆಗ್ತೀವಿ,
ಒಂದು ಶೇಂಗಾ ಚಿಕ್ಕಿಗೆ.

ಸಿವಿಲ್ ದವಾಖಾನಿಯ ಕಾಗದದಾಗ
ನೂರಕ್ಕ ನೂರು ಅಂತ ಬರದಾರ.
ಜಲ್ಮದಾಗ ನನಗ ಬಂದ ಪೂರಾ ಮಾರ್ಕು ಅದೊಂದ.
ಕಂಪನಿ ಲೆಕ್ಕದಾಗ ಎಪ್ಪತ್ತೊಂದು;
ಎಪ್ಪತ್ತರ ಕೆಳಗ ಇಳದ್ರ ಖಾತೆ ಬಂದ್.
ಹೊತ್ತು ಮೀರತದಂತ.
ಸ್ಕ್ರೀನಿನ ಮೂಲಿಯೊಳಗ ಗಡಿಯಾರ ಓಡತಿರ್ತದ,
ಓಡೂದನ್ನ ಫೋನು ಹೇಳಂಗಿಲ್ಲ,
ಮುಗದ ಮ್ಯಾಲ ಹೇಳತದ, ಮುಗೀತು ಅಂತ.
ಪತ್ರ ಬರದೆ. ಇಪ್ಪತ್ತು ದಿನಕ್ಕ ಉತ್ತರ ಬಂತು.
ಚಿತ್ರ, ಅಂತು ಫೋನು.

ನಿನ್ನಿ ರಾತ್ರಿ ನಲವತ್ತು ಸೆಕೆಂಡಿನ ಒಂದು ತುಣುಕು.
ಹರೇದ ಹುಡುಗಿ, ಬಸ್ಸು ತಪ್ಪಿದ ಕತಿ ಹೇಳ್ಲಿಕತ್ತಾಳ.
ಆಕಿ ಬೆನ್ನ ಹಿಂದ
ಖಟಾ ಖಟ್, ಖಟಾ ಖಟ್, ಒಂದು ಉಸಿರು, ಖಟ್.
ಚಾದರದ ಮಗ್ಗ. ಸೀರಿದಲ್ಲ.
ಪಟ್ಟಾ ಸಡಲಾಗ್ಯದ, ಇವತ್ತಿಲ್ಲಾ ನಾಳಿ ಹರೀತದ,
ಯಾರರೆ ಹೇಳ್ರಿ ಅವರಿಗೆ.

ನಿಯಮ ಅದ: ಮಾತಲ್ಲದ ಸಪ್ಪಳ ಯಾವುದಿದ್ರೂ
ಗದ್ದಲ ಅಂತ ಬರೀಬೇಕು.
ಆ ಗದ್ದಲದಾಗ ಮೂವತ್ತು ವರ್ಷ ನಿಂತು
ನಮ್ಮಪ್ಪ ಕಿವಿ ಕಳಕೊಂಡ.
ಅವನ ಕೂಡ ಮಾತಾಡಬೇಕಂದ್ರ
ಅಂಗೈ ಮ್ಯಾಲ ಬೆರಳಿಲೆ ಬರೀತಿದ್ದೆ.
ತಪ್ಪಿದ್ರ ಬೆರಳು ಹಿಡದು ತಿದ್ದತಿದ್ದ.
ನಾ ಅಕ್ಷರ ಕಲತದ್ದು ಹಂಗ,
ನೂಲಿನ ಗಂಟು ಕಟ್ಟಿದ ಒಂದು ಅಂಗೈಯಾಗ.

ಗದ್ದಲ ಅಂತ ಹೊಡದೆ.
ಅಳಿಸಿದೆ.
ಮಗ್ಗ ಅಂತ ಹೊಡದೆ.
ಕಳಿಸೂ ಬಟನ್ನಿಗೂ ಹೆಸರಿಲ್ಲ,
ಕೆಳಗಿಂದ ಎರಡನೇದು, ಬೆರಳಿಗೆ ಗೊತ್ತದ.
ಒತ್ತೂದರಾಗ ಕರೆಂಟು ಹೋತು.

ಹೋತೋ ಇಲ್ಲೋ ಇನ್ನೂ ತಿಳೀವಲ್ದು.
ಎಪ್ಪತ್ತೊಂದೋ, ಎಪ್ಪತ್ತೋ.
ಓಣಿ ತುಂಬ ಮಗ್ಗಗಳು ಉಸಿರು ಹಿಡದಾವ.
ಶೇಂಗಾ ಸುಲಿಯೂ ಸಪ್ಪಳ ನಿಂತು
ಚಿಗವ್ವ ಕತ್ತಲಾಗ ತಡಕಾಡತಾಳ,
"ಇಂದೂ, ಕಡ್ಡಿಪೆಟ್ಟಿಗಿ ಎಲ್ಲದ ನೋಡಬೇ."